ಕಾಟಾ ಚೀಟಿ ಓದಲು ಬಾರದ ಪದವಿ ನಮಗ್ಯಾಕೆ?

(ಹಳಿಯಾಳದಲ್ಲಿ ಸೇರಿದ್ದ ರೈತರ ಸಭೆಯಲ್ಲಿ ಆಡಿದ ಮಾತು. ಸಭೆಗೆ ಬರಲಾಗದ ಓದುಗರಿಗಾಗಿ ಬರೆದು ಕೊಟ್ಟದ್ದು.)



ನಾನು ಊರ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ ತನಕ ಓದಿದವನು. ಅದರ ಮುಂದಿನ ಓದೆಲ್ಲ ಹೊಲದಲ್ಲಿ, ಸೊಸೈಟಿಯ ಬಾಗಿಲಲ್ಲಿ, ಸಂಘಟನೆಯ ಸಭೆಗಳಲ್ಲಿ ಆಯಿತು. ಇಂಥವನು ಎದ್ದು ನಿಂತು, ವಿಶ್ವವಿದ್ಯಾಲಯದಲ್ಲಿ ಒಂದು ಹೊಸ ಪಾಠ ಶುರು ಮಾಡಬೇಕು, ಅದಕ್ಕೆ ಜಾಗತೀಕರಣ ಅಂತ ಹೆಸರಿಡಬೇಕು ಎಂದರೆ ನಿಮಗೆ ನಗು ಬರಬಹುದು. ನಕ್ಕುಬಿಡಿ. ನಕ್ಕಾದ ಮೇಲೆ ನನ್ನ ಮಾತು ಕೇಳಿ.

ಎರಡು ವರ್ಷದ ಹಿಂದಿನ ಸಂಗತಿ. ಕಬ್ಬಿನ ಬಿಲ್ಲು ಬಂತು. ಕಾಟಾ ಚೀಟಿಯಲ್ಲಿ ತೂಕ ಇತ್ತು, ಬಿಲ್ಲಿನಲ್ಲಿ ದರ ಇತ್ತು, ಅದರ ಕೆಳಗೆ ಕಟಾವಿನ ಖರ್ಚು, ಸಾಗಾಟದ ಖರ್ಚು ಮುರಿದುಕೊಂಡ ಲೆಕ್ಕ ಇತ್ತು. ಬ್ಯಾಂಕಿನ ಸಾಲದ ಕಂತನ್ನೂ ಅಲ್ಲಿಯೇ ಹಿಡಿದಿದ್ದರು. ಕೊನೆಗೆ ನನ್ನ ಕೈಗೆ ಬಂದದ್ದು ಗೊಬ್ಬರದ ಅಂಗಡಿಯ ಉದ್ರಿ ತೀರಿಸಲಿಕ್ಕೂ ಸಾಲಲಿಲ್ಲ. ನನ್ನ ಮಗಳು ಆಗ ಬಿ.ಎ. ಕೊನೆಯ ವರ್ಷ. ಅರ್ಥಶಾಸ್ತ್ರದಲ್ಲಿ ಒಳ್ಳೆಯ ಅಂಕ ತೆಗೆದವಳು. ಚೀಟಿ, ಬಿಲ್ಲು ಎರಡನ್ನೂ ಅವಳ ಕೈಗೆ ಕೊಟ್ಟು, "ನೋಡವ್ವಾ, ಈ ದರ ಯಾರು ಗೊತ್ತು ಮಾಡ್ತಾರ? ಇದರಾಗ ಯಾಕ ಮುರೀತಾರ? ಸ್ವಲ್ಪ ತಿಳಿಸಿ ಹೇಳು" ಅಂದೆ.

ಅವಳು ಹಿಂದೆ ಮುಂದೆ ತಿರುವಿ ನೋಡಿದಳು. ಬಹಳ ಹೊತ್ತು ನೋಡಿದಳು. "ಅಪ್ಪಾ, ಜಾಗತೀಕರಣದ ಗುಣ-ದೋಷ ಬರೀರಿ ಅಂತ ಹತ್ತು ಅಂಕದ ಪ್ರಶ್ನೆ ಬಂದಿತ್ತು. ಅದನ್ನ ಬರದೀನಿ. ಇದು ನಮ್ಮ ಸಿಲಬಸ್‌ನಾಗ ಇಲ್ಲ" ಅಂದಳು. ಅವಳ ಕಣ್ಣಲ್ಲಿ ನೀರು ಬಂತು. ತಪ್ಪು ಅವಳದಲ್ಲ. ಫೀ ಕಟ್ಟಿದವನು ನಾನು, ಪಾಠ ಮಾಡಿದವರು ಮೇಷ್ಟ್ರು, ಪುಸ್ತಕ ಮಾಡಿದವರು ಇನ್ಯಾರೋ. ಆ ಪುಸ್ತಕಕ್ಕೂ ನಮ್ಮ ಮನೆಯ ಚೀಟಿಗೂ ಸಂಬಂಧವೇ ಇರಲಿಲ್ಲ.

ಆವತ್ತಿನಿಂದ ನಾವಿಬ್ಬರೂ ಕೂತು ಚೀಟಿಯನ್ನು ಹಿಂದಿನಿಂದ ಓದುವುದಕ್ಕೆ ಶುರು ಮಾಡಿದೆವು. ಏನೇನು ಗೊತ್ತಾಯಿತು ಅಂತ ಹೇಳುತ್ತೇನೆ. ನಿಮ್ಮ ಚೀಟಿಯನ್ನೂ ಪಕ್ಕಕ್ಕೆ ಇಟ್ಟುಕೊಂಡು ಓದಿರಿ.

ಕಬ್ಬಿನ ದರ ಎಲ್ಲಿಂದ ಬರುತ್ತದೆ?

ಕಬ್ಬಿಗೆ ಕೇಂದ್ರ ಸರ್ಕಾರ ಪ್ರತಿ ವರ್ಷ ಎಫ್‌ಆರ್‌ಪಿ ಎಂಬ ದರ ಸಾರುತ್ತದೆ. 2009ರಲ್ಲಿ ಈ ಹೆಸರು ಬಂತು. 2025-26ರ ಹಂಗಾಮಿಗೆ ಅದು ಟನ್ನಿಗೆ 3,550 ರೂಪಾಯಿ. ಆದರೆ ಇದು 10.25 ಇಳುವರಿಯ ಕಬ್ಬಿಗೆ. ಇಳುವರಿ ಅಂದರೆ ನಿಮ್ಮ ಎಕರೆಯ ಇಳುವರಿ ಅಲ್ಲ, ನೂರು ಕಿಲೋ ಕಬ್ಬು ಅರೆದರೆ ಎಷ್ಟು ಕಿಲೋ ಸಕ್ಕರೆ ಬಂತು ಎಂಬ ಲೆಕ್ಕ. ಅದರ ಮೇಲೆ ಪ್ರತಿ 0.1ಕ್ಕೆ ಕ್ವಿಂಟಲಿಗೆ 3 ರೂಪಾಯಿ 46 ಪೈಸೆ ಏರುತ್ತದೆ, ಕೆಳಗೆ ಹೋದರೆ ಅಷ್ಟೇ ಇಳಿಯುತ್ತದೆ. 9.5ಕ್ಕಿಂತ ಎಷ್ಟೇ ಕೆಳಗೆ ಹೋದರೂ 329 ರೂಪಾಯಿ 5 ಪೈಸೆಗಿಂತ ಕಡಿಮೆ ಕೊಡುವ ಹಾಗಿಲ್ಲ. ಹಾಗಾದರೆ ಇಳುವರಿ ಅಳೆಯುವವರು ಯಾರು? ಕಾರ್ಖಾನೆಯ ಒಳಗಿನ ಪ್ರಯೋಗಶಾಲೆ. ನಾವು ಹೊರಗೆ, ಟ್ರಾಕ್ಟರ್ ಸಾಲಿನಲ್ಲಿ.

ಇನ್ನೊಂದು ಮಾತು. ಈ ದರ ಕಾರ್ಖಾನೆಯ ಬಾಗಿಲಿಗೆ ಮುಟ್ಟಿಸಿದ ಕಬ್ಬಿನ ದರ. ಹೊಲದಲ್ಲಿ ನಿಂತ ಕಬ್ಬಿನದಲ್ಲ. ಅದಕ್ಕೇ ಕಡಿಯುವ ಗ್ಯಾಂಗಿನ ಕೂಲಿ, ಲಾರಿಯ ಬಾಡಿಗೆ ನಮ್ಮ ಲೆಕ್ಕದಿಂದ ಹೋಗುತ್ತದೆ. "ಸರ್ಕಾರ ಇಷ್ಟು ಅಂತು, ಕೈಗೆ ಅಷ್ಟೇ ಯಾಕ ಬಂತು" ಎಂದು ನಾವು ವರ್ಷ ವರ್ಷ ಜಗಳಾಡುವುದರ ಗಂಟು ಈ ಒಂದೇ ಮಾತಿನಲ್ಲಿದೆ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ ಕೊಡಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ನಮ್ಮಲ್ಲಿ ಎಷ್ಟು ಮಂದಿ ಆ ಬಡ್ಡಿಯನ್ನು ಬರಹದಲ್ಲಿ ಕೇಳಿದ್ದೀರಿ? ಸಾಲ ತಪ್ಪಿದರೆ ನಮಗೆ ನೋಟೀಸು ಬರುತ್ತದೆ. ನಮಗೆ ಬರಬೇಕಾದ್ದು ತಪ್ಪಿದರೆ ನಾವು ಚಹಾದ ಅಂಗಡಿಯಲ್ಲಿ ಬೈದು ಮನೆಗೆ ಹೋಗುತ್ತೇವೆ.

2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ಕಬ್ಬಿನ ರೈತರು ದಿನಗಟ್ಟಲೆ ರಸ್ತೆಯಲ್ಲಿ ಕೂತು ಟನ್ನಿಗೆ 3,500 ಕೇಳಿದರು. ಕೊನೆಗೆ ರಾಜ್ಯ ಸರ್ಕಾರ 3,300ಕ್ಕೆ ತೀರ್ಮಾನ ಮಾಡಿತು. ಇದು ನಿಮಗೆಲ್ಲ ಗೊತ್ತು. ಆದರೆ ಇದೇ ಕಬ್ಬಿನ ದರದ ಮೇಲೆ ಜಿನೀವಾ ಎಂಬ ಊರಿನಲ್ಲಿ ಒಂದು ವ್ಯಾಜ್ಯ ನಡೆಯಿತು, ಅದು ಗೊತ್ತೇ?

2019ರಲ್ಲಿ ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ಎಂಬ ಮೂರು ದೇಶಗಳು ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಭಾರತದ ಮೇಲೆ ದೂರು ಕೊಟ್ಟವು. ಭಾರತ ತನ್ನ ಕಬ್ಬಿನ ರೈತರಿಗೆ ಮಿತಿ ಮೀರಿ ನೆರವು ಕೊಡುತ್ತಿದೆ ಎಂಬುದು ದೂರು. ಮಿತಿ ಎಷ್ಟು? ಬೆಳೆಯ ಒಟ್ಟು ಬೆಲೆಯ ನೂರಕ್ಕೆ ಹತ್ತು. ನಮ್ಮ ಸರ್ಕಾರ, "ಈ ದರವನ್ನು ಕೊಡುವುದು ಕಾರ್ಖಾನೆ, ನಾವು ಒಂದು ಪೈಸೆಯನ್ನೂ ಕೊಡುವುದಿಲ್ಲ" ಎಂದು ವಾದಿಸಿತು. 2021ರ ಡಿಸೆಂಬರ್ 14ರಂದು ತೀರ್ಪು ಬಂತು. ಕೊಡುವವರು ಯಾರೇ ಇರಲಿ, ದರ ಗೊತ್ತು ಮಾಡಿದ್ದು ಸರ್ಕಾರ, ಆದ್ದರಿಂದ ಅದೂ ನೆರವೇ ಎಂದು ಹೇಳಿ ಭಾರತದ ವಿರುದ್ಧ ತೀರ್ಪು ಕೊಟ್ಟರು. ನೆರವಿನ ಲೆಕ್ಕ ಹಾಕುವ ರೀತಿ ಕೇಳಿದರೆ ಆಶ್ಚರ್ಯವಾಗುತ್ತದೆ. ಒಪ್ಪಂದದ ಪ್ರಕಾರ ಇವತ್ತಿನ ನಮ್ಮ ದರವನ್ನು ಹೋಲಿಸುವುದು 1986ರಿಂದ 88ರ ಹೊರದೇಶದ ಬೆಲೆಗೆ! ಆಗಿನ ಡೀಸೆಲಿನ ಬೆಲೆ ಎಷ್ಟು, ಆಳಿನ ಕೂಲಿ ಎಷ್ಟು, ನೆನಪು ಮಾಡಿಕೊಳ್ಳಿರಿ. ಆ ಕಾಲದ ಬೆಲೆಯ ಮುಂದೆ ಇಂದಿನ ಯಾವ ದರ ಇಟ್ಟರೂ ದೊಡ್ಡ ನೆರವಿನ ಹಾಗೆಯೇ ಕಾಣುತ್ತದೆ.

ಆಮೇಲೆ ಭಾರತ ಮೇಲ್ಮನವಿ ಹಾಕಿತು. ಅಮೆರಿಕ ಹೊಸ ಸದಸ್ಯರ ನೇಮಕಕ್ಕೆ ತಡೆ ಹಾಕಿದ್ದರಿಂದ ಆ ಮೇಲ್ಮನವಿ ಪೀಠ 2019ರ ಡಿಸೆಂಬರಿನಿಂದಲೇ ಕೆಲಸ ನಿಲ್ಲಿಸಿದೆ. ಹಾಗಾಗಿ ತೀರ್ಪು ಜಾರಿಗೆ ಬಾರದೆ ತೂಗಾಡುತ್ತಿದೆ. ನಮ್ಮ ಹಳಿಯಾಳದ ಕಬ್ಬು ಆ ತಕ್ಕಡಿಯಲ್ಲಿದೆ. ಹಳಿಯಾಳದಲ್ಲಿ ಒಬ್ಬರಿಗಾದರೂ ಯಾರಾದರೂ ಬಂದು ಹೇಳಿದರೇ? ನಮ್ಮೂರ ಕಾಲೇಜಿನಲ್ಲಿ ಇದರ ಮೇಲೆ ಒಂದು ತಾಸಿನ ಪಾಠ ಆಯಿತೇ?

ನಾನು ಕೇಳುವ ಪದವಿ ಪಾಠ ಇದೇ. ನಮ್ಮ ಚೀಟಿಯಿಂದ ಶುರುವಾಗಿ ಜಿನೀವಾಕ್ಕೆ ಹೋಗಿ ಮತ್ತೆ ನಮ್ಮ ಹೊಲಕ್ಕೆ ವಾಪಸು ಬರುವ ಪಾಠ.

ಇದು 1991ರಲ್ಲಿ ಬಂದದ್ದಲ್ಲ

ಪುಸ್ತಕಗಳಲ್ಲಿ ಜಾಗತೀಕರಣ 1991ರಲ್ಲಿ ಬಂತು ಎಂದು ಬರೆದಿರುತ್ತದೆ. ನಮ್ಮ ನಾಲ್ಕು ತಾಲ್ಲೂಕುಗಳನ್ನು ಒಂದು ಸುತ್ತು ಹಾಕಿದರೆ ಅದು ಅರ್ಧ ಮಾತು ಎಂದು ತಿಳಿಯುತ್ತದೆ.

ಮೊದಲು ಜಿಲ್ಲೆಯ ವಿಚಾರ. ಈ ಉತ್ತರ ಕನ್ನಡ ಮದ್ರಾಸ್ ಪ್ರಾಂತದಲ್ಲಿತ್ತು. 1862ರಲ್ಲಿ ಅದನ್ನು ಮುಂಬೈ ಪ್ರಾಂತಕ್ಕೆ ಸೇರಿಸಿದರು. ಯಾಕೆ? ಅಮೆರಿಕದಲ್ಲಿ ಅಂತರ್ಯುದ್ಧ ನಡೆದಿತ್ತು, ಇಂಗ್ಲೆಂಡಿನ ಮ್ಯಾಂಚೆಸ್ಟರ್ ಗಿರಣಿಗಳಿಗೆ ಹತ್ತಿ ಬರುವುದು ನಿಂತಿತ್ತು. ಧಾರವಾಡ ಸೀಮೆಯ ಹತ್ತಿಯನ್ನು ಘಟ್ಟ ಇಳಿಸಿ ಕಾರವಾರದ ಬಂದರಿನಿಂದ ಸಾಗಿಸಬೇಕು, ಹತ್ತಿ ಬೆಳೆವ ನಾಡೂ ಬಂದರೂ ಒಂದೇ ಪ್ರಾಂತದಲ್ಲಿರಬೇಕು ಎಂದು ಗಿರಣಿ ಮಾಲೀಕರು ಒತ್ತಾಯ ಹಾಕಿದರು. ನಮ್ಮ ಜಿಲ್ಲೆಯ ಗಡಿಯನ್ನು ಬದಲಾಯಿಸಿದ್ದು ಯಾವನೋ ದೂರದ ಗಿರಣಿ ಮಾಲೀಕನ ಹತ್ತಿಯ ಹಸಿವು.

ಆಮೇಲೆ ಏನಾಯಿತು? 1865ರಲ್ಲಿ ಯುದ್ಧ ಮುಗಿಯಿತು, ಅಮೆರಿಕದ ಹತ್ತಿ ಮತ್ತೆ ಪೇಟೆಗೆ ಬಂತು, ಇಲ್ಲಿಯ ದರ ಬಿದ್ದಿತು. ದರ ಏರಿದಾಗ ಸಾಹುಕಾರ ಕರೆದು ಸಾಲ ಕೊಟ್ಟಿದ್ದ. ದರ ಇಳಿದಾಗ ಸಾಲ ಇಳಿಯಲಿಲ್ಲ. ಕಂದಾಯವೂ ಇಳಿಯಲಿಲ್ಲ. 1875ರಲ್ಲಿ ಪುಣೆ, ಅಹಮದನಗರ ಕಡೆಯ ರೈತರು ಸಾಹುಕಾರರ ಮನೆಗೆ ನುಗ್ಗಿ ಸಾಲದ ಪತ್ರಗಳನ್ನು ಕಿತ್ತು ಸುಟ್ಟರು. 1879ರಲ್ಲಿ ಸರ್ಕಾರ ರೈತರ ಸಾಲಕ್ಕೆ ಪರಿಹಾರದ ಕಾನೂನು ತರಬೇಕಾಯಿತು. ದರ ಹೊರಗಿನಿಂದ ಬರುತ್ತದೆ, ಸಾಲ ಊರಲ್ಲೇ ಉಳಿಯುತ್ತದೆ. ಈ ಒಂದು ಸಾಲನ್ನು ನಮ್ಮ ಹುಡುಗರು ಉಳಿದೆಲ್ಲ ಪಾಠ ಮರೆತರೂ ಮರೆಯಬಾರದು.

ಇದು ಹಳೆಯ ಕಥೆ ಎನ್ನಬೇಡಿರಿ. 2025ರ ಆಗಸ್ಟಿನಲ್ಲಿ ಅಮೆರಿಕ ನಮ್ಮ ದೇಶದ ಸರಕಿನ ಮೇಲೆ ಸುಂಕ ಏರಿಸಿತು. ಬಟ್ಟೆ ಗಿರಣಿಗಳಿಗೆ ಕಷ್ಟವಾಯಿತೆಂದು ನಮ್ಮ ಸರ್ಕಾರ ಹೊರಗಿನ ಹತ್ತಿಯ ಮೇಲಿದ್ದ ನೂರಕ್ಕೆ 11ರ ಆಮದು ಸುಂಕವನ್ನು ಅದೇ ತಿಂಗಳು ತೆಗೆದು, ಡಿಸೆಂಬರ್ 31ರ ತನಕ ಮುಂದುವರಿಸಿತು. ಅಂದರೆ ನಮ್ಮ ಹತ್ತಿ ಬಿಡಿಸಿ ಪೇಟೆಗೆ ತರುವ ಹೊತ್ತಿಗೆ ಸರಿಯಾಗಿ ಬಾಗಿಲು ತೆರೆದರು. ಕಷ್ಟ ಗಿರಣಿಯದು, ಪರಿಹಾರ ಕೊಟ್ಟವನು ರೈತ.

ಇನ್ನು ದಾಂಡೇಲಿ. ಈ ಕಾಡಿನ ಸಾಗವಾನಿ ಬ್ರಿಟಿಷರ ಕಾಲದಲ್ಲಿ ಹಡಗು ಕಟ್ಟಲು ಹೋಯಿತು. 1950ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂತು, ಕಾಡಿನ ಬಿದಿರು ಅದಕ್ಕೆ ಬಹಳ ಅಗ್ಗದ ದರದಲ್ಲಿ ಸಿಕ್ಕಿತು. ಬುಟ್ಟಿ ಹೆಣೆಯುವ ಮೇದಾರರಿಗೆ ಆ ದರ ಇರಲಿಲ್ಲ. ಬಿದಿರು ಕಡಿಮೆಯಾದಾಗ, ಜನರ ದನ-ಕರುಗಳಿಂದ ಹೀಗಾಯಿತು ಎಂಬ ಮಾತು ಬಂತು. 1970ರ ದಶಕದಲ್ಲಿ ಮಾಧವ ಗಾಡ್ಗೀಳ್ ಎಂಬ ವಿಜ್ಞಾನಿ ಬಂದು ಅಭ್ಯಾಸ ಮಾಡಿದರು. ಅವರು ಹಳ್ಳಿಯವರನ್ನು ಕೇಳಿದರು. ಬಿದಿರು ಮೆಳೆಯ ಬುಡದ ಮುಳ್ಳನ್ನು ಸವರಿ ಹಾಕುತ್ತಾರೆ, ಅದರಿಂದ ಎಳೆಯ ಕಳಲೆ ದನದ ಬಾಯಿಗೆ ಸಿಗುತ್ತದೆ, ಮುಳ್ಳು ಇದ್ದರೆ ಅದೇ ಬೇಲಿ ಎಂದು ಹಳ್ಳಿಯವರು ಹೇಳಿದರು. ನೋಡಿದರೆ ಅದೇ ಸರಿ. ಕಾಡಿನವರು ಹೇಳಿದ್ದು ವಿಜ್ಞಾನವಾಯಿತು. ಓದಿದವರೊಬ್ಬರು ಕೇಳುವ ತನಕ ಅದು ಬರೀ ಹಳ್ಳಿಯ ಮಾತಾಗಿತ್ತು. ಕಾಲೇಜಿನ ಪಾಠ ಹೀಗೆ ಕೇಳುವುದನ್ನು ಕಲಿಸಬೇಕು.

ಮುಂಡಗೋಡಕ್ಕೆ ಬನ್ನಿರಿ. 1966ರಲ್ಲಿ ಟಿಬೆಟಿನ ನಿರಾಶ್ರಿತರಿಗೆ ಅಲ್ಲಿ ಜಾಗ ಕೊಟ್ಟರು. ಅವರು ಗೋವಿನಜೋಳ ಬೆಳೆದರು, ಮಠ ಕಟ್ಟಿದರು, ಜಗತ್ತಿನ ಮೂಲೆಮೂಲೆಯಿಂದ ಜನ ಅಲ್ಲಿಗೆ ಬರುತ್ತಾರೆ. ಹಳಿಯಾಳ, ಜೋಯಿಡಾ, ಮುಂಡಗೋಡದ ಕಾಡಂಚಿನಲ್ಲಿ ಸಿದ್ದಿ ಸಮಾಜದವರಿದ್ದಾರೆ. ಅವರ ಹಿರಿಯರನ್ನು ಆಫ್ರಿಕಾದಿಂದ ಗುಲಾಮರನ್ನಾಗಿ ತಂದರು, ಗೋವಾದ ಪೋರ್ಚುಗೀಸರ ಕೈಯಿಂದ ತಪ್ಪಿಸಿಕೊಂಡು ಎಷ್ಟೋ ಮಂದಿ ಈ ಕಾಡು ಸೇರಿದರು. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. ಮನುಷ್ಯರನ್ನೇ ಸರಕು ಮಾಡಿ ಮಾರಿದ ವ್ಯಾಪಾರದ ನೆನಪು ನಮ್ಮ ಪಕ್ಕದ ಹೊಲದಲ್ಲಿದೆ. ನಮ್ಮ ಮಕ್ಕಳು ಗುಲಾಮಗಿರಿಯನ್ನು ಅಮೆರಿಕದ ಪಾಠದಲ್ಲಿ ಓದುತ್ತಾರೆ.

ಗೋವಿನಜೋಳದ ಹುಳು

ಅದೇ ಮುಂಡಗೋಡದ ಗೋವಿನಜೋಳದ ಮಾತು ಸ್ವಲ್ಪ ಹೆಚ್ಚು ಹೇಳಬೇಕು. ಈ ಬೆಳೆಯೇ ಹೊರಗಿನದು, ಮೆಕ್ಸಿಕೋ ಕಡೆಯ ಧಾನ್ಯ. ಭತ್ತ ಕೈಕೊಟ್ಟಲ್ಲಿ, ಹತ್ತಿ ಸೋತಲ್ಲಿ ನಾವು ಇದನ್ನು ಹಿಡಿದೆವು. ಕೋಳಿ ಫಾರಂ ಇದನ್ನು ತಿನ್ನುತ್ತದೆ, ಪಿಷ್ಟದ ಕಾರ್ಖಾನೆ ತಿನ್ನುತ್ತದೆ, ಈಗ ಎಥನಾಲ್ ಕಾರ್ಖಾನೆಯೂ ತಿನ್ನುತ್ತದೆ. 2018ರ ಮೇ ತಿಂಗಳಲ್ಲಿ ನಮ್ಮ ದೇಶದಲ್ಲೇ ಮೊದಲ ಸಲ, ಪಕ್ಕದ ಶಿವಮೊಗ್ಗದ ಹೊಲದಲ್ಲಿ, ಸೈನಿಕ ಹುಳು ಕಂಡಿತು. ಅಮೆರಿಕ ಖಂಡದ ಹುಳು. 2016ರಲ್ಲಿ ಆಫ್ರಿಕಾಕ್ಕೆ ಬಂತು, ಎರಡು ವರ್ಷದಲ್ಲಿ ನಮ್ಮ ಜೋಳದ ಸುಳಿಯೊಳಗೆ ಕೂತಿತು.

ನಾನೂ ಒಂದು ವರ್ಷ ಎರಡು ಎಕರೆ ಗೋವಿನಜೋಳ ಹಾಕಿ ಅದರ ರುಚಿ ನೋಡಿದೆ. ಅಂಗಡಿಯವನು ಕೊಟ್ಟ ಔಷಧಿ ನಾಲ್ಕು ಸಲ ಹೊಡೆದೆ, ಎಲ್ಲ ಉದ್ರಿ. ಹುಳು ಸುಳಿಯ ಒಳಗೆ, ಔಷಧಿ ಎಲೆಯ ಮೇಲೆ. ಹುಳು ಸಣ್ಣದಿರುವಾಗ ಮುಂಜಾನೆ ಅಥವಾ ಸಂಜೆ ಸುಳಿಗೇ ಬೀಳುವ ಹಾಗೆ ಹೊಡೆಯಬೇಕು ಎಂದು ನನಗೆ ಗೊತ್ತಾದದ್ದು ಹಂಗಾಮು ಮುಗಿದ ಮೇಲೆ. ಆ ಉದ್ರಿಗೆ ಬಡ್ಡಿ ಸೇರಿತು. ಅದನ್ನು ತೀರಿಸಲು ಸೊಸೈಟಿಯ ಸಾಲ, ಸೊಸೈಟಿಗೆ ಕಟ್ಟಲು ಕೈಗಡ. ನನ್ನ ಉತಾರದ ಮೇಲಿನ ಬೋಜಾ ಇನ್ನೂ ಇಳಿದಿಲ್ಲ. ಹುಳುವಿಗೆ ಪಾಸ್‌ಪೋರ್ಟು ಬೇಕಾಗಲಿಲ್ಲ, ವೀಸಾ ಬೇಕಾಗಲಿಲ್ಲ. ಅದರ ಸುದ್ದಿ ಮಾತ್ರ ಹೊಲಕ್ಕೆ ಬರಲಿಕ್ಕೆ ಒಂದು ಹಂಗಾಮು ತಗೊಂಡಿತು.

ದರದ ಕಥೆಯೂ ಹಾಗೇ. 2025-26ಕ್ಕೆ ಗೋವಿನಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 2,400. 2025ರ ಕೊಯ್ಲಿನಲ್ಲಿ ಪೇಟೆಗೆ ತಂದವರಿಗೆ ಎರಡು ಸಾವಿರವೂ ಸಿಗಲಿಲ್ಲ. ಬೆಂಬಲ ಬೆಲೆ ಸಾರುವುದು ಬೇರೆ, ಆ ದರಕ್ಕೆ ಕೊಳ್ಳುವುದು ಬೇರೆ ಎಂಬ ವ್ಯತ್ಯಾಸವನ್ನು ನಮಗೆ ಕಲಿಸಿದ್ದು ಪುಸ್ತಕವಲ್ಲ, ಅಡತಿ ಅಂಗಡಿ.

ಕೊನೆಗೆ ಜೋಯಿಡಾ. ಕಾಡಿನ ತಾಲ್ಲೂಕು, ಇದಕ್ಕೂ ಜಗತ್ತಿಗೂ ಏನು ಸಂಬಂಧ ಎನ್ನಬೇಡಿರಿ. ಅಲ್ಲಿಯ ಮೆಣಸಿನ ಬಳ್ಳಿಗೆ ಶ್ರೀಲಂಕಾದ ಜೊತೆ 1998ರಲ್ಲಿ ಮಾಡಿಕೊಂಡ ಒಪ್ಪಂದ ಸುತ್ತಿಕೊಂಡಿದೆ. ಆ ದಾರಿಯಿಂದ ಅಗ್ಗದ ಕಾಳುಮೆಣಸು ಬಂತೆಂದು ಬೆಳೆಗಾರರು ಕೂಗಿದ ಮೇಲೆ, 2017ರ ಡಿಸೆಂಬರಿನಲ್ಲಿ ಕಿಲೋಗೆ 500 ರೂಪಾಯಿಗಿಂತ ಕಡಿಮೆ ಬೆಲೆಯ ಆಮದು ಬೇಡ ಎಂದು ಸರ್ಕಾರ ಗೆರೆ ಎಳೆಯಿತು. ಅಡಿಕೆಗೆ 2023ರ ಫೆಬ್ರುವರಿಯಲ್ಲಿ ಅಂಥದೇ ಗೆರೆ 351 ರೂಪಾಯಿಗೆ ಏರಿತು. ಆದರೆ ಅದಕ್ಕೂ ಮುಂಚೆ, 2022ರಲ್ಲಿ, ಭೂತಾನದಿಂದ 17,000 ಟನ್ ಹಸಿ ಅಡಿಕೆಯನ್ನು ಆ ಗೆರೆಯ ಹಂಗಿಲ್ಲದೆ ತರಲು ಒಪ್ಪಿಗೆ ಕೊಟ್ಟಿದ್ದರು. ಇನ್ನೊಂದು ಕಡೆ, ಅದೇ ಜೋಯಿಡಾದ ಕುಣಬಿ ಜನ ಎಷ್ಟೋ ಬಗೆಯ ಗೆಡ್ಡೆ-ಗೆಣಸನ್ನು ತಲೆಮಾರಿನಿಂದ ಕಾಪಾಡಿಕೊಂಡು ಬಂದಿದ್ದಾರೆ. ಅದಕ್ಕೆ ಬೀಜದ ಕಂಪನಿ ಇಲ್ಲ, ಪ್ಯಾಕೆಟ್ಟಿಲ್ಲ, ಸಾಲವೂ ಇಲ್ಲ. ಹೊರಗಿನ ಪೇಟೆಗೆ ಬಗ್ಗದ ಬೇಸಾಯ ಹೇಗಿರುತ್ತದೆ ಎಂದು ತೋರಿಸಲು ನಮ್ಮ ಪಕ್ಕದಲ್ಲೇ ಗುರುಗಳಿದ್ದಾರೆ.

ಪಾಠದಲ್ಲಿ ಏನಿರಬೇಕು

ಈಗ ಕೆಲಸದ ಮಾತು. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಯಾರು ಬೇಕಾದರೂ ತೆಗೆದುಕೊಳ್ಳುವಂಥ ಒಂದು ಐಚ್ಛಿಕ ಪತ್ರಿಕೆ ಇರಲಿ, ಎರಡು ಸೆಮಿಸ್ಟರಿಗೆ. ಕನ್ನಡದಲ್ಲಿ ಇರಲಿ. ಹಳಿಯಾಳ, ಜೋಯಿಡಾದ ಎಷ್ಟೋ ಮನೆಗಳಲ್ಲಿ ಮರಾಠಿ, ಕೊಂಕಣಿ ಆಡುತ್ತಾರೆ. ಊರೊಳಗೆ ಹೋಗಿ ಮಾಡುವ ಕೆಲಸವನ್ನು ಆ ಮನೆಯ ಮಾತಿನಲ್ಲೇ ಮಾಡಲಿ.

ಒಂದನೆಯ ಭಾಗ ಚೀಟಿ. ಒಂದು ಚೀಲ ಗೋವಿನಜೋಳ ಅಥವಾ ಒಂದು ಟನ್ ಕಬ್ಬು ಹೊಲದಿಂದ ಹೊರಟು ಎಲ್ಲಿಗೆ ಮುಟ್ಟಿತು, ದಾರಿಯಲ್ಲಿ ಯಾರ್ಯಾರು ಎಷ್ಟೆಷ್ಟು ಹಿಡಿದರು ಎಂದು ಪ್ರತಿ ವಿದ್ಯಾರ್ಥಿಯೂ ತಾನೇ ಹಿಂಬಾಲಿಸಿ ಬರೆಯಬೇಕು.

ಎರಡನೆಯದು ಸಾಲ. ಸೊಸೈಟಿ, ಬ್ಯಾಂಕು, ಬಂಗಾರದ ಅಡವು, ಮಹಿಳಾ ಗುಂಪಿನ ವಾರದ ಕಂತು, ಅಂಗಡಿಯ ಉದ್ರಿ, ಇವುಗಳ ನಿಜವಾದ ಬಡ್ಡಿ ಲೆಕ್ಕ ಹಾಕಲು ಬರಬೇಕು. 1865ರ ಸಾಲವನ್ನೂ ಇಂದಿನ ಸಾಲವನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ಮೂರನೆಯದು ಬೀಜ ಮತ್ತು ಗೊಬ್ಬರ. ನಾವು ಹಾಕುವ ಪೊಟ್ಯಾಷ್ ಹೆಚ್ಚುಕಡಿಮೆ ಪೂರ್ತಿ ಹೊರದೇಶದ್ದು. ಎಲ್ಲೋ ಯುದ್ಧ ಆದರೆ ನಮ್ಮ ಚೀಲದ ದರ ಯಾಕೆ ಏರುತ್ತದೆ ಎಂದು ಇದರಿಂದ ತಿಳಿಯುತ್ತದೆ.

ನಾಲ್ಕನೆಯದು ಕಾಡು, ನೀರು, ವಲಸೆ. ಕಾಳಿ ನದಿಯ ಅಣೆಕಟ್ಟಿನಲ್ಲಿ ಮುಳುಗಿದ ಸೂಪಾ ಊರಿನವರು ಎಲ್ಲಿ ಹೋದರು, ಆ ಕರೆಂಟು ಎಲ್ಲಿ ಹೋಯಿತು, ಗೋವಾಕ್ಕೆ ಕೂಲಿಗೆ ಹೋದ ನಮ್ಮ ಹುಡುಗರು ಮನೆಗೆ ಎಷ್ಟು ಕಳಿಸುತ್ತಾರೆ ಎಂಬುದೆಲ್ಲ ಇಲ್ಲಿ ಬರಲಿ.

ಐದನೆಯದು ಕಾಗದ ಓದುವುದು. ಒಪ್ಪಂದ, ಕಾನೂನು, ಸಾಲದ ಪತ್ರ, ವಿಮೆಯ ಪತ್ರ ಎದುರಿಗಿಟ್ಟುಕೊಂಡು ಸಾಲು ಸಾಲಾಗಿ ಓದುವುದು.

ಲಾಭವನ್ನೂ ಬರೆಯಿಸಬೇಕು, ನಷ್ಟವನ್ನೂ ಬರೆಯಿಸಬೇಕು. ಹೊರಗಿನ ಪೇಟೆಯಿಂದ ನಮಗೆ ಬರೀ ಕೇಡೇ ಆಯಿತು ಎಂದರೆ ಅದು ಸುಳ್ಳು. ಸಕ್ಕರೆ ಹೊರದೇಶಕ್ಕೆ ಹೋದ ವರ್ಷ ಕಾರ್ಖಾನೆಯ ಕೈಯಲ್ಲಿ ಹಣ ಓಡಾಡುತ್ತದೆ. 2022ರ ಜೂನಿನಿಂದ ಸರ್ಕಾರ ರಫ್ತಿಗೆ ಮಿತಿ ಹಾಕಿದಾಗ ಅದನ್ನು ವಿರೋಧಿಸಿದವರಲ್ಲಿ ರೈತರೂ ಇದ್ದರು. ಅಂದರೆ ಬಾಗಿಲು ಮುಚ್ಚಿದರೂ ನಮಗೆ ಪೆಟ್ಟು, ತೆರೆದರೂ ಪೆಟ್ಟು. ಬಾಗಿಲ ಚಿಲಕ ಯಾರ ಕೈಯಲ್ಲಿದೆ ಎಂಬುದೇ ಪ್ರಶ್ನೆ. ಈ ಪ್ರಶ್ನೆ ಕೇಳಲು ಕಲಿಸಿದರೆ ಪಾಠ ಗೆದ್ದಂತೆ.

ನಿಮ್ಮ ಸಂಶಯಗಳು

"ಇದರಿಂದ ನೌಕರಿ ಸಿಗತೈತೇನ್ರಿ?" ಎಂದು ಸಭೆಯಲ್ಲಿ ಒಬ್ಬರು ಹಿರಿಯರು ಕೇಳಿದರು. ನ್ಯಾಯವಾದ ಪ್ರಶ್ನೆ. ನಾನು ಸುಳ್ಳು ಭರವಸೆ ಕೊಡುವುದಿಲ್ಲ. ಆದರೆ ಈಗಿನ ಪದವಿಯಿಂದ ಎಷ್ಟು ಮಂದಿಗೆ ಸಿಕ್ಕಿದೆ, ನೀವೇ ಹೇಳಿರಿ. ಸೊಸೈಟಿಯ ಲೆಕ್ಕ, ರೈತ ಉತ್ಪಾದಕ ಕಂಪನಿಯ ಲೆಕ್ಕ, ಪಂಚಾಯ್ತಿಯ ಲೆಕ್ಕ ತಿಳಿದ ಹುಡುಗ-ಹುಡುಗಿಯರು ಊರಿಗೆ ಬೇಕಾಗಿದ್ದಾರೆ. ನೌಕರಿ ಸಿಗದೆ ಹೊಲಕ್ಕೆ ಮರಳಿದವನೂ ಮೋಸ ಹೋಗದಷ್ಟಾದರೂ ಬಲ್ಲವನಾಗಿರುತ್ತಾನೆ.

"ಕಾಲೇಜಿನಲ್ಲಿ ಮೇಷ್ಟ್ರೇ ಇಲ್ಲ, ಅತಿಥಿ ಉಪನ್ಯಾಸಕರೇ ನಡೆಸುತ್ತಾರೆ, ಹೊಸ ಪಾಠ ಯಾರು ಮಾಡಬೇಕು?" ಇದೂ ನಿಜ. ಅರ್ಥಶಾಸ್ತ್ರ, ಇತಿಹಾಸ, ವಾಣಿಜ್ಯ, ಕನ್ನಡದ ಮೇಷ್ಟ್ರುಗಳು ಒಂದೊಂದು ಭಾಗ ಹಂಚಿಕೊಳ್ಳಲಿ. ಅತಿಥಿಗಳೆನ್ನಿಸಿಕೊಂಡವರ ಹೊಟ್ಟೆಗೆ ಸರಿಯಾದ ಪಗಾರ ಕೊಡಿ ಎಂದು ಕೇಳುವುದೂ ನಮ್ಮ ಬೇಡಿಕೆಯ ಒಂದು ಭಾಗವೇ.

"ಇದು ರಾಜಕೀಯ ಆಗುತ್ತದೆ" ಎನ್ನುವವರಿದ್ದಾರೆ. ಚೀಟಿ ಓದುವುದು ರಾಜಕೀಯವಾದರೆ ಚೀಟಿ ಬರೆಯುವುದು ಏನು?

"ಪಠ್ಯ ಬದಲಿಸುವುದು ನಮ್ಮ ಕೈಯಲ್ಲಿ ಇಲ್ಲ" ಎನ್ನುತ್ತೀರಿ. ನಮ್ಮ ರಾಜ್ಯದಲ್ಲಿ 2021ರಲ್ಲಿ ಪದವಿಯನ್ನು ನಾಲ್ಕು ವರ್ಷದ ಪದ್ಧತಿಗೆ ತಂದರು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಇಳಿಸಿದರು. ಮೂರು ವರ್ಷದಲ್ಲಿ ಎರಡು ಸಲ ಪಠ್ಯ ಬದಲಾಯಿತು. ಬದಲಿಸಲು ಬರುತ್ತದೆ ಎಂದಾಯಿತಲ್ಲ! ಎರಡು ಸಲವೂ ಮಕ್ಕಳ ತಂದೆ-ತಾಯಿಯನ್ನು ಕೇಳಲಿಲ್ಲ, ಅಷ್ಟೇ. ಕೇಳುವ ತನಕ ಕಾಯುವುದು ಬೇಡ.

ನಾವು ಒಮ್ಮೆ ಓದಿದ್ದೇವೆ

ಇಂಥ ಓದು ನಮಗೆ ಹೊಸದಲ್ಲ. 1991ರ ಡಿಸೆಂಬರಿನಲ್ಲಿ ಡಂಕೆಲ್ ಎಂಬುವರ ಕರಡು ಬಂದಾಗ, ಕಾನೂನಿನ ಪ್ರಾಧ್ಯಾಪಕರಾಗಿದ್ದ ಎಂ.ಡಿ. ನಂಜುಂಡಸ್ವಾಮಿಯವರು ಅದನ್ನು ರೈತರ ಮುಂದೆ ತಂದಿಟ್ಟರು. ಬೀಜದ ಹಕ್ಕು ಅಂದರೇನು, ಪೇಟೆಂಟು ಅಂದರೇನು ಎಂದು ಹೆಬ್ಬೆಟ್ಟಿನವರೂ ಮಾತಾಡಿದರು. 1992ರ ಡಿಸೆಂಬರ್ 29ರಂದು ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ನುಗ್ಗಿ ಕಡತಗಳನ್ನು ಹೊರಗೆ ಹಾಕಿ ಸುಟ್ಟದ್ದು ದೊಡ್ಡ ಸುದ್ದಿಯಾಯಿತು. ಅದರ ಹಿಂದೆ ಊರೂರಲ್ಲಿ ನಡೆದ ಓದು ಅಷ್ಟು ಸುದ್ದಿಯಾಗಲಿಲ್ಲ. 1993ರ ಅಕ್ಟೋಬರ್ 2ರ ಬೆಂಗಳೂರಿನ ಮೆರವಣಿಗೆಗೆ ನಾನೂ ಹೋಗಿದ್ದೆ, ಆಗ ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ. ಪಕ್ಕದಲ್ಲಿ ಕೂತ ಮಂಡ್ಯದ ಕಡೆಯ ಹಿರಿಯರೊಬ್ಬರು ಗ್ಯಾಟ್ ಎಂದರೇನು ಎಂದು ಕಡಲೆಕಾಯಿ ಸುಲಿಯುತ್ತಾ ನನಗೆ ತಿಳಿಸಿ ಹೇಳಿದರು. ನನಗೆ ಅದೇ ಕಾಲೇಜು.

ಆ ಓದಿಗೆ ಫಲವೂ ಬಂತು. ವಿಶ್ವ ವ್ಯಾಪಾರ ಸಂಸ್ಥೆಗೆ ಸೇರಿದ ಮೇಲೆ ಬೀಜಕ್ಕೆ ಕಾನೂನು ಮಾಡಲೇಬೇಕಾಯಿತು. 2001ರಲ್ಲಿ ಬಂದ ಆ ಕಾನೂನಿನ 39ನೇ ಕಲಮಿನಲ್ಲಿ ರೈತ ಬೀಜ ಕೂಡಿಡಬಹುದು, ಬಿತ್ತಬಹುದು, ವಿನಿಮಯ ಮಾಡಬಹುದು, ಹಂಚಬಹುದು, ಬ್ರ್ಯಾಂಡ್ ಹಾಕದೆ ಮಾರಲೂಬಹುದು ಎಂದು ಬರೆದಿದೆ. ಈ ಕಾನೂನಿನಡಿ ನೋಂದಾಯಿಸಿದ ತಳಿಯ ಬೀಜ, ಕೊಟ್ಟ ಮಾತಿನಂತೆ ಬೆಳೆಯದಿದ್ದರೆ ಪರಿಹಾರ ಕೇಳುವ ದಾರಿಯೂ ಅಲ್ಲೇ ಇದೆ. ಕೂಗು ಹಾಕಿದ್ದರಿಂದ ಬಾಗಿಲು ತೆರೆಯಿತು. ಏನು ಕೇಳಬೇಕು ಎಂದು ಗೊತ್ತಿದ್ದರಿಂದ ಕಲಮು ಸಿಕ್ಕಿತು. ಇವತ್ತು ಆ ಕಲಮು ಇದೆ ಎಂದು ನಮ್ಮ ಪದವೀಧರ ಮಕ್ಕಳಿಗೆ ಗೊತ್ತಿಲ್ಲ. ಆಗ ಓದಿದ ತಲೆಮಾರು ಒಬ್ಬೊಬ್ಬರಾಗಿ ಹೋಗುತ್ತಿದೆ. ನಮ್ಮ ಜೊತೆ ಆ ಓದೂ ಹೋಗಬಾರದು ಎಂಬುದೇ ನನ್ನ ಸಂಕಟ.

ಮಾಡಬೇಕಾದ ಕೆಲಸ

ನಮ್ಮ ಜಿಲ್ಲೆಯ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿವೆ. ಹೊಸ ಪತ್ರಿಕೆ ಬರಬೇಕಾದರೆ ಮೊದಲು ಅಧ್ಯಯನ ಮಂಡಳಿ ಒಪ್ಪಬೇಕು, ಆಮೇಲೆ ವಿದ್ಯಾವಿಷಯಕ ಪರಿಷತ್ತು ಒಪ್ಪಬೇಕು. ಅಲ್ಲಿಗೆ ನಾವು ಬರಿಗೈಯಲ್ಲಿ ಹೋಗುವುದು ಬೇಡ.

ಮೊದಲು, ನಿಮ್ಮ ಗ್ರಾಮಸಭೆಯಲ್ಲಿ, ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಈ ಪತ್ರಿಕೆ ಬೇಕೆಂದು ಠರಾವು ಮಾಡಿರಿ. ಠರಾವಿನ ನಕಲನ್ನು ಕಾಲೇಜಿನ ಪ್ರಾಂಶುಪಾಲರಿಗೂ ವಿಶ್ವವಿದ್ಯಾಲಯದ ಕುಲಸಚಿವರಿಗೂ ಕಳಿಸಿರಿ.

ಎರಡನೆಯದಾಗಿ, ನಿಮ್ಮ ಮನೆಯ ಟ್ರಂಕಿನಲ್ಲಿ, ದೇವರ ಫೋಟೋದ ಹಿಂದೆ ಸಿಕ್ಕಿಸಿಟ್ಟ ಹಳೆಯ ಚೀಟಿಗಳಿವೆಯಲ್ಲ, ಕಾಟಾ ಚೀಟಿ, ಅಡತಿ ಪಟ್ಟಿ, ಸಾಲದ ನೋಟೀಸು, ಬೀಜದ ಖಾಲಿ ಪ್ಯಾಕೆಟ್ಟು, ಅವನ್ನು ಒಲೆಗೆ ಹಾಕಬೇಡಿರಿ. ನಕಲು ಮಾಡಿಸಿ ಕೊಡಿರಿ. ಹೆಸರು, ಖಾತೆ ನಂಬರು ಅಳಿಸಿ ಕೊಟ್ಟರೆ ಸಾಕು. ಆ ಪಾಠದ ಮೊದಲನೆಯ ಪುಸ್ತಕ ಅದೇ ಆಗುತ್ತದೆ. ಎಷ್ಟೇ ದೊಡ್ಡ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲೂ ಆ ಪುಸ್ತಕ ಇಲ್ಲ.

ಮೂರನೆಯದಾಗಿ, ವಿಶ್ವವಿದ್ಯಾಲಯ ಒಪ್ಪುವ ತನಕ ಕೈಕಟ್ಟಿ ಕೂರುವುದು ಬೇಡ. ಈ ಬೇಸಿಗೆಯಲ್ಲಿ, ಕಬ್ಬಿನ ಗಾಡಿ ನಿಂತ ಮೇಲೆ, ಮಳೆ ಬೀಳುವ ಮುಂಚೆ, ನಾಲ್ಕು ತಾಲ್ಲೂಕಿನಲ್ಲೂ ನಾಲ್ಕು ಭಾನುವಾರ ಪಾಠ ನಡೆಸೋಣ. ಕಾಲೇಜಿನ ಮೇಷ್ಟ್ರು ಒಬ್ಬರು, ರೈತರೊಬ್ಬರು ಜೊತೆಯಾಗಿ ಮಾಡಲಿ. ಹೆಣ್ಣುಮಕ್ಕಳನ್ನು ಕಳಿಸಿರಿ. ಮನೆಯ ಕಂತಿನ ಲೆಕ್ಕ ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿಲ್ಲ.

ನನ್ನ ಮಗಳ ಮಾತಿನಿಂದಲೇ ಮುಗಿಸುತ್ತೇನೆ. ಅವಳು ಈಗ ಊರ ಹತ್ತು-ಹನ್ನೆರಡು ಮನೆಯ ಕಬ್ಬಿನ ಬಿಲ್ಲು ನೋಡಿ ಕೊಡುತ್ತಾಳೆ. ಕಳೆದ ಹಂಗಾಮಿನಲ್ಲಿ ಮೂರು ಮನೆಯ ಸಾಗಾಟದ ಲೆಕ್ಕದಲ್ಲಿ ತಪ್ಪು ಹಿಡಿದು ಅರ್ಜಿ ಬರೆದು ಕೊಟ್ಟಳು. ಒಂದು ಮನೆಗೆ ದುಡ್ಡು ವಾಪಸು ಬಂತು, ಎರಡು ಮನೆಯವರು ಇನ್ನೂ ಅಲೆಯುತ್ತಿದ್ದಾರೆ. ಮೊನ್ನೆ ರಾತ್ರಿ ಅವಳು, "ಅಪ್ಪಾ, ಇದನ್ನ ಕಾಲೇಜಿನಾಗ ಕಲಿಸಿದ್ದರ ನಾನೊಬ್ಬಾಕಿ ಅಲ್ಲ, ನಮ್ಮ ಕ್ಲಾಸಿನ ಅರವತ್ತು ಮಂದಿಗೂ ಬರ್ತಿತ್ತು" ಅಂದಳು.

ಅರವತ್ತು ಮಂದಿ, ಅರವತ್ತು ಊರು. ಲೆಕ್ಕ ನೀವೇ ಹಾಕಿರಿ. ಠರಾವು ಮಾಡಿ ಕಳಿಸಿರಿ.